ಖಾಲಿ ಕುರ್ಚಿಗೆ ಟವಲು ಹಾಕಿದ ದಿನ

ಅವರು ತೀರಿಕೊಂಡ ಹದಿನೈದನೆಯ ದಿನಕ್ಕೆ ಕೊಪ್ಪಳದಲ್ಲೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ 'ಬದಲಾವಣೆಯ ಹರಿಕಾರ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅಧ್ಯಕ್ಷತೆ ವಹಿಸಿದ್ದವರು ನಮ್ಮ ಕಚೇರಿಯ ಹಳೆಯ ಸಾಹೇಬರು. ಬದುಕಿದ್ದಾಗ ಅವರಿಗೆ ನೋಟಿಸು ಕೊಟ್ಟು ಎರಡು ವರ್ಷ ಅಮಾನತ್ತಿನಲ್ಲಿ ಕೊಳೆಸಿದ ಅದೇ ಸಾಹೇಬರು! ಶಾಲು ಹೊದ್ದು, ಗಂಟಲು ತುಂಬಿಸಿಕೊಂಡು, "ಅವರು ನಮ್ಮೆಲ್ಲರ ಕಣ್ಣು ತೆರೆಸಿದರು" ಎಂದು ಹೇಳಿದರು. ಜನ ಚಪ್ಪಾಳೆ ಹೊಡೆದರು. ಸತ್ತವರ ಸಭೆಯಲ್ಲಿ ಚಪ್ಪಾಳೆ! ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ನನ್ನನ್ನೂ ಮಾತಿಗೆ ಕರೆದರು. ಎದ್ದು ನಿಂತೆ. "ಭಾಳ ಛಲೋ ಮನಶ್ಯಾ ಇದ್ರು" ಎಂದಷ್ಟೇ ಹೇಳಿ ಕೂತುಬಿಟ್ಟೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಸಾಹೇಬರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ತಾಲ್ಲೂಕೂ ಬೇಡ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕರಲ್ಲೊಂದು ಎಂದು ತಿಳಿದರೆ ಸಾಕು. ಅಲ್ಲಿನ ಆರೋಗ್ಯ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಫೋನು ಎತ್ತುವುದು, ಟಪಾಲು ನೋಡುವುದು, ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸ. ಅವರು ಆರೋಗ್ಯ ಶಿಕ್ಷಕರು. ಲಸಿಕೆ, ಹೆರಿಗೆ, ಶೌಚಾಲಯ ಎಂದು ಹಳ್ಳಿಹಳ್ಳಿಗೆ ಹೋಗಿ ತಿಳಿಹೇಳುವ ಹುದ್ದೆ. ಬೇವೂರಿನ ಕಡೆಯ ಒಕ್ಕಲು ಮನೆತನದವರು. ಕುಳ್ಳಗಿನ ಮನುಷ್ಯ. ಅಂಗಿಯ ಮೇಲಿನ ಗುಂಡಿ ಯಾವತ್ತೂ ಇರುತ್ತಿರಲಿಲ್ಲ. ಎದುರಿನವರು ಮಾತಾಡುವಾಗ ಅವರ ಮುಖ ಬಿಟ್ಟು ಕೈ ನೋಡುತ್ತಿದ್ದರು. ನಾವೆಲ್ಲ ಬರೀ 'ಸರ್' ಎನ್ನುತ್ತಿದ್ದೆವು.

ತೊಂಬತ್ತೇಳರಲ್ಲಿ ಕೊಪ್ಪಳ ಹೊಸ ಜಿಲ್ಲೆಯಾಯಿತು. ಹೊಸ ಜಿಲ್ಲೆ ಎಂದಮೇಲೆ ಹೊಸ ಬೋರ್ಡು, ಹೊಸ ಮೊಹರಿನ ಶಿಕ್ಕಾ, ಹೊಸ ಹೊಸ ತರಬೇತಿ. ಅಂಥದ್ದೊಂದು ತರಬೇತಿ ದೂರದ ಊರಿನಲ್ಲಿ ಹತ್ತು ದಿನ ಇತ್ತು: ಮನುಷ್ಯರು ಹೇಗೆ ಬದಲಾಗುತ್ತಾರೆ, ಕಚೇರಿಗಳು ಹೇಗೆ ಬದಲಾಗುತ್ತವೆ ಎಂಬ ಬಗ್ಗೆ. ಮದುವೆಗಳ ಸುಗ್ಗಿಯಲ್ಲಿ ಯಾರು ಹೋಗುತ್ತಾರೆ? ಸಾಹೇಬರು ಪಟ್ಟಿಯ ಮೇಲೆ ಬೆರಳಿಟ್ಟು, "ಈತನ್ನ ಕಳಸ್ರಿ. ಇದ್ರೂ ಇಲ್ಲದಂಗ ಅದಾನ" ಎಂದರು. ಇದ್ದೂ ಇಲ್ಲದಂತಿದ್ದ ಆ ಮನುಷ್ಯ ಹೋಗಿ ಬಂದು ನಮ್ಮ ಕಚೇರಿಯನ್ನು ಅಲ್ಲಾಡಿಸಿಬಿಟ್ಟ.

ಬಂದ ದಿನ ಎಲ್ಲರೂ ಸುತ್ತುಗಟ್ಟಿದೆವು. "ಏನ್ ಕಲಿಸಿದ್ರು ಸರ್?"

"ಗೆಸ್ಟಾಲ್ಟ್ ಅಂತ್ರಿ. ಜರ್ಮನ್ ಮಾತು."

"ಅಂದ್ರ?"

"ಇಡಿಯಾಗಿ ನೋಡೂದು. ರೊಟ್ಟಿ ತಿನ್ನೂಮುಂದ ಹಿಟ್ಟು ಬ್ಯಾರೆ, ನೀರು ಬ್ಯಾರೆ ಅಂತ ತಿಂತೀರೇನು? ಮನಶ್ಯಾನೂ ಹಂಗ. ಕಚೇರಿನೂ ಹಂಗ."

ಜವಾನ ದುರ್ಗಪ್ಪ, "ಇದನ್ನ ಕಲಿಯಾಕ ಹತ್ತು ದಿನ ಬೇಕಾತೇನ್ರಿ ಸರ್? ನಮ್ಮವ್ವನ ಹತ್ರ ಬಂದಿದ್ರ ಒಂದ್ ತಾಸಿನ್ಯಾಗ ಹೇಳತಿದ್ಲು" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅವರ ಬಾಯಲ್ಲಿ ಒಂದು ಪ್ರಶ್ನೆ ಮನೆ ಮಾಡಿಕೊಂಡಿತ್ತು. "ಈಗ, ಇಲ್ಲೆ, ನಿಮಗ ಏನ್ ಆಗಾಕತ್ತೈತ್ರಿ?" ನಮ್ಮ ಕಡೆ ಇಂಥ ಪ್ರಶ್ನೆಗೆ ಒಂದೇ ಉತ್ತರ: "ಏನಿಲ್ರಿ." ಅವರು ಬಿಡುತ್ತಿರಲಿಲ್ಲ. "ಏನಿಲ್ಲ ಅಂತೀರಿ, ಕೈ ಯಾಕ ಮುಷ್ಟಿ ಕಟ್ಟೈತಿ?" ನೋಡಿಕೊಂಡರೆ ಹೌದು, ಕೈ ಮುಷ್ಟಿ ಕಟ್ಟಿರುತ್ತಿತ್ತು! ಮೊದಮೊದಲು ಇದು ನಮಗೆ ತಮಾಷೆ. ಆಮೇಲೆ ಕಿರಿಕಿರಿ. ಅವರು ಬಂದರೆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡೆವು.

ಜೀಪಿನ ಡ್ರೈವರ್ ಯಂಕಪ್ಪನಿಗೆ ಗುಟ್ಕಾದ ಚಟ. ಡಾಕ್ಟರು ಬೈದಿದ್ದರು, ಹೆಂಡತಿ ಆಣೆ ಹಾಕಿಸಿದ್ದಳು, ಏನೂ ನಡೆದಿರಲಿಲ್ಲ. ಇವರು ಹೇಳಿದ್ದೇ ಬೇರೆ. "ಬಿಡಬ್ಯಾಡ. ತಿನ್ನು. ಆದ್ರ ಗಾಡಿ ಹೊಡಕೋತ ತಿನ್ನಬ್ಯಾಡ, ಮಾತಾಡಕೋತ ತಿನ್ನಬ್ಯಾಡ. ಒಂದು ಕಡೆ ಕುಂತು, ನಾ ಗುಟ್ಕಾ ತಿನ್ನಾಕತ್ತೀನಿ ಅಂತ ತಿನ್ನು."

"ಸರ್ಗೆ ತಲಿ ಕೆಟ್ಟೈತಿ" ಎಂದು ಯಂಕಪ್ಪ ನಮ್ಮ ಹತ್ತಿರ ನಕ್ಕ. ಆದರೂ ಬೇವಿನ ಗಿಡದ ಕೆಳಗೆ ಕೂತು ಹಾಗೇ ತಿಂದ. ಒಂದು ತಿಂಗಳಾದ ಮೇಲೆ ಬಂದು, "ಥೂ, ಇದರ ರುಚಿ ಇಷ್ಟ ಹೊಲಸ ಐತಿ ಅಂತ ಇಷ್ಟ ದಿನಾ ಗೊತ್ತಾಗಿರ್ಲಿಲ್ರಿ" ಎಂದ. ಬಿಟ್ಟೇಬಿಟ್ಟ.

ಅವರು ತಂದ ವಿದ್ಯೆಯ ತಿರುಳು ಇಷ್ಟೇ ಎಂದು ನನಗೆ ಈಗ ಅನ್ನಿಸುತ್ತದೆ. "ಬದಲಾಗ್ರಿ ಬದಲಾಗ್ರಿ ಅಂತ ಬಡಕೊಂಡ್ರ ಯಾರೂ ಬದಲಾಗಂಗಿಲ್ರಿ. ಇದ್ದದ್ದು ಇದ್ದಂಗ ನೋಡಬೇಕು, ಇದ್ದದ್ದು ಇದ್ದಂಗ ಹೇಳಬೇಕು. ಬದಲಾಗೂದು ಆಮ್ಯಾಲ ಅದರಷ್ಟಕ್ಕ ಆಗ್ತೈತಿ" ಎನ್ನುತ್ತಿದ್ದರು. ಅದಕ್ಕೆ ನಾನು, "ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ ಸರ್" ಎನ್ನುತ್ತಿದ್ದೆ. ಜಾಣತನದ ಮಾತು ಅಂದುಕೊಂಡಿದ್ದೆ. ಅದು ಹೇಡಿಯ ಮಾತು.

ನಮ್ಮ ಮಾಸಿಕ ಸಭೆಯನ್ನು ನೋಡದವರಿಗೆ ಹೇಳುತ್ತೇನೆ. ನಲವತ್ತು ಜನ ನರ್ಸುಗಳು, ಕಾರ್ಯಕರ್ತರು ಸಾಲಾಗಿ ಕೂರಬೇಕು. ಮುಂದೆ ಸಾಹೇಬರ ಕುರ್ಚಿ, ಅದರ ಬೆನ್ನಿಗೆ ಬಿಳಿ ಟರ್ಕಿ ಟವಲು. ಸರಕಾರದಲ್ಲಿ ಟವಲಿಲ್ಲದ ಕುರ್ಚಿ ಬರೀ ಮರ. ಟವಲು ಬಿತ್ತೆಂದರೆ ಅದಕ್ಕೆ ಅಧಿಕಾರ ಬರುತ್ತದೆ. ಒಬ್ಬೊಬ್ಬರನ್ನೇ ಎಬ್ಬಿಸಿ ಗುರಿ ಎಷ್ಟು, ಸಾಧನೆ ಎಷ್ಟು ಎಂದು ಕೇಳುವುದು, ಬೈಯುವುದು. ಬೈಸಿಕೊಂಡವರು "ಮಾಡ್ತೀವ್ರಿ ಸರ್" ಎನ್ನುವುದು. ಮುಂದಿನ ತಿಂಗಳು ಅದೇ ಬೈಗುಳ, ಅದೇ "ಮಾಡ್ತೀವ್ರಿ ಸರ್". ಇಪ್ಪತ್ತು ವರ್ಷ ಇದನ್ನೇ ಬರೆದೆ ನಾನು.

ಎರಡು ಸಾವಿರದ ಎರಡೋ ಮೂರೋ ಇರಬೇಕು. ಒಂದು ಹಳ್ಳಿಯ ಉಪಕೇಂದ್ರದಲ್ಲಿ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಕೂಸು, ಚೆನ್ನಾಗಿತ್ತು. ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಅಲ್ಲಿದ್ದವಳು ಗುತ್ತಿಗೆಯ ಮೇಲೆ ಬಂದಿದ್ದ ನರ್ಸು ಗಿರಿಜಾ. ಕಿರಾಣಿ ಅಂಗಡಿಯ ಫೋನಿನಿಂದ ನಮ್ಮ ಕಚೇರಿಗೆ ಫೋನು ಮಾಡಿ ಜೀಪು ಕೇಳಿದಳು. ಫೋನು ಎತ್ತಿದ್ದು ನಾನು. ಜೀಪು ಇರಲಿಲ್ಲ. ಎಲ್ಲಿಗೆ ಹೋಗಿದೆ ಎಂದು ನನಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. "ಒಂದ್ ತಾಸಿನ್ಯಾಗ ಬರ್ತೈತಿ, ಹಾದಿ ನೋಡ್ರಿ" ಎಂದುಬಿಟ್ಟೆ. ಅವಳು ನನ್ನ ಮಾತು ನಂಬಿ ಎರಡು ತಾಸು ಕಾದಳು. ಆಮೇಲೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟರು. ಆ ತಾಯಿ ದಾರಿಯಲ್ಲೇ ಹೋದಳು.

ಮುಂದಿನ ಮಾಸಿಕ ಸಭೆಗೆ ಸಾಹೇಬರು ಬರಲಿಲ್ಲ. ಜಿಲ್ಲಾ ಸಭೆಗೆ ಹೋಗಿದ್ದರು, 'ನೀವ ನಡಸ್ರಿ' ಎಂದು ಇವರಿಗೆ ಹೇಳಿದ್ದರು. ಗಿರಿಜಾ ಮೂಲೆಯಲ್ಲಿ ಕೂತಿದ್ದಳು. ಅವಳ ಪಕ್ಕದ ಎರಡು ಕುರ್ಚಿಗಳಲ್ಲಿ ಯಾರೂ ಕೂತಿರಲಿಲ್ಲ. ಅವಳೇ ಕೊಂದಳು ಎಂಬ ಮಾತು ಆಗಲೇ ಹಬ್ಬಿತ್ತು.

ಸರ್ ತಾವೇ ಒಂದು ಖಾಲಿ ಕುರ್ಚಿ ಎತ್ತಿ ತಂದು ಎಲ್ಲರ ಮುಂದೆ ಇಟ್ಟರು. ತರಬೇತಿಯಲ್ಲಿ ಕಲಿತದ್ದು ಅದು: ಎದುರಿಗಿಲ್ಲದವರು ಆ ಕುರ್ಚಿಯಲ್ಲಿ ಕೂತಿದ್ದಾರೆ ಎಂದುಕೊಂಡು, ಹೇಳದೆ ಉಳಿದ ಮಾತನ್ನು ಹೇಳುವುದು. ಸತ್ತ ಆ ತಾಯಿಯ ಜೊತೆ ಗಿರಿಜಾ ಮಾತಾಡಲಿ ಎಂದು ಅವರ ಮನಸ್ಸಿನಲ್ಲಿತ್ತು. ಅವರು ಇನ್ನೂ ಬಾಯಿ ತೆಗೆದಿರಲಿಲ್ಲ. ಮುಂದೆ ಖಾಲಿ ಕುರ್ಚಿ ಬಂದದ್ದನ್ನು ದುರ್ಗಪ್ಪ ನೋಡಿದ. ಸಾಹೇಬರು ಬರುತ್ತಿದ್ದಾರೆ ಎಂದುಕೊಂಡ. ಓಡಿಹೋಗಿ ಬಿಳಿ ಟವಲು ತಂದು ಅದರ ಬೆನ್ನಿಗೆ ಹಾಕಿ, ಪಕ್ಕದಲ್ಲಿ ನೀರಿನ ಗ್ಲಾಸಿಟ್ಟು ಮುಚ್ಚಳ ಮುಚ್ಚಿದ.

ನಲವತ್ತು ಜನ ಧಡಕ್ಕನೆ ಎದ್ದು ನಿಂತೆವು! ಹಿಂದಿನ ಸಾಲಿನಿಂದ ಯಾರೋ "ನಮಸ್ಕಾರ್ರಿ ಸರ್" ಎಂದರು, ಆ ಕುರ್ಚಿಗೆ.

ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದುರ್ಗಪ್ಪ ನಾಚಿಕೊಂಡು ಟವಲು ತೆಗೆಯಲು ಹೋದ. ಸರ್ ತಟ್ಟನೆ ಅವನ ಕೈ ತಡೆದರು. "ಇರ್ಲಿ ದುರ್ಗಪ್ಪ, ತಗೀಬ್ಯಾಡ. ನಾ ಯಾರನ್ನೋ ಕುಂದ್ರಸಾಕ ಹೊಂಟಿದ್ನಿ, ನೀವು ಬರೋಬ್ಬರಿ ಮನಶ್ಯಾನ್ನ ಕುಂದ್ರಿಸಿದ್ರಿ. ಸಾಹೇಬ್ರು ಬಂದಾರ ಅಂತ ತಿಳ್ಕೊಳ್ರಿ. ಹೇಳಬೇಕಾದ್ದು ಇದ್ರ ಹೇಳ್ರಿ. ಇಲ್ಲಂದ್ರ ಸುಮ್ನ ಕುಂಡ್ರೋಣು, ಅದೂ ಖರೇನ."

ಮೊದಲು ಗಿರಿಜಾ ಎದ್ದಳು. ಟವಲಿಗೆ ಕೈ ಮುಗಿದಳು. "ಸರ್, ನಾ ಫೋನ್ ಮಾಡಿದ್ನಿ. ಜೀಪ್ ಬರ್ತೈತಿ ಅಂದ್ರು. ಆಕಿ ನನ್ನ ಕೈ ಹಿಡಕೊಂಡು, ಬಂತೇನ್ರಿ ಅಕ್ಕಾರ, ಬಂತೇನ್ರಿ ಅಕ್ಕಾರ ಅಂತ ಕೇಳಾಕತ್ತಿದ್ಲು. ಬಂತವಾ, ಬಂತು ಅಂತಿದ್ನಿ. ಸುಳ್ಳ ಹೇಳಿಸಿದ್ರಲ್ರಿ ಸರ್ ನನ್ನ ಕೈಲೆ."

ಆಮೇಲೆ ಯಂಕಪ್ಪ. "ಸರ್, ಅವತ್ತು ನಾ ನಿಮ್ಮ ಬೀಗರನ್ನ ಕರಕೊಂಡು ಗಂಗಾವತಿಗೆ ನಿಶ್ಚಯ ಕಾರ್ಯಕ್ಕ ಹೋಗಿದ್ನಿ. ಗಾಡಿ ಪುಸ್ತಕದಾಗ ಲಸಿಕಿ ಕೆಲಸ ಅಂತ ಬರದೀನಿ. ಬರಿ ಅಂದಾವ್ರು ನೀವು, ಬರದಾವ ನಾನು."

ಎಲ್ಲರೂ ನನ್ನ ಕಡೆ ನೋಡಿದರು. ಯಾವ ಧೈರ್ಯ ಬಂತೋ, ಎದ್ದೆ. "ಫೋನ್ ಬಂದಿದ್ದು ಖರೇರಿ ಸರ್. ನಾನ ಮಾತಾಡಿದ್ನಿ" ಎಂದೆ. ಬಟ್ಟೆಗೆ ಹೇಳಿದ ಮಾತು, ನಿಜ. ಆದರೂ ಕೂತಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲವನ್ನೂ ನಡಾವಳಿಯಲ್ಲಿ ಇದ್ದದ್ದು ಇದ್ದಂತೆ ಬರೆದೆ. ಕೊನೆಗೆ ಸರ್ ಕೇಳಿದರು, "ಈಗ ಏನ್ ಮಾಡೋಣ್ರಿ?" ಜೀಪು ಇನ್ನು ಆಸ್ಪತ್ರೆ ಬಿಟ್ಟು ಕದಲಕೂಡದು, ಕೀಲಿಕೈ ಡಾಕ್ಟರ ಹತ್ತಿರ ಇರಬೇಕು ಎಂದು ನರ್ಸುಗಳೇ ಹೇಳಿದರು. ನಲವತ್ತೂ ಜನ ಸಹಿ ಹಾಕಿದರು.

ಮುಂದಿನ ಎರಡು ವಾರ ನಮ್ಮ ಕಚೇರಿ ಬೇರೆಯೇ ಆಗಿತ್ತು. ಜೀಪು ಬೇವಿನ ಗಿಡದ ಕೆಳಗೆ ನಿಂತಿರುತ್ತಿತ್ತು. ಸಾಹೇಬರ ಮನೆಯಿಂದ ಸಂತೆಗೆ ಹೋಗಲು ಕರೆ ಬಂದರೆ ಯಂಕಪ್ಪ, "ದವಾಖಾನಿ ಗಾಡಿರಿ, ಬರಾಕ ಆಗಂಗಿಲ್ಲ" ಎನ್ನುತ್ತಿದ್ದ. ಎರಡು ಹೆರಿಗೆ ಕೇಸುಗಳು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದವು. ಸಂಸ್ಥೆ ಬದಲಾಗುವುದು ಅಂದರೆ ಇದಲ್ಲವೇ? ಈಗಿನ ತರಬೇತಿಗಳಲ್ಲಿ ಗೋಡೆಯ ಮೇಲೆ ಬೆಳಕು ಬಿಟ್ಟು, ಬಾಣದ ಗುರುತು ಹಾಕಿ, ಮಧ್ಯಾಹ್ನ ಹೋಳಿಗೆ ಊಟ ಹಾಕಿಸಿ ಬದಲಾವಣೆ ಕಲಿಸುತ್ತಾರೆ. ನಮ್ಮಲ್ಲಿ ಸರ್ ಅದನ್ನು ಒಂದು ಕುರ್ಚಿಯಿಂದ ಮಾಡಿದ್ದರು.

ಮೂರನೆಯ ವಾರ ಯಾರೋ ಹೋಗಿ ಟವಲಿನ ಸಂಗತಿಯನ್ನು ಸಾಹೇಬರಿಗೆ ಹಚ್ಚಿಕೊಟ್ಟರು. ಸಾಹೇಬರಿಗೆ ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತೇ? ಸತ್ತ ಹೆಣ್ಣುಮಗಳ ಮಾತು ಹೊರಬಿದ್ದದ್ದಕ್ಕಲ್ಲ, ಜೀಪಿನ ವಿಷಯ ಬಯಲಾದದ್ದಕ್ಕೂ ಅಲ್ಲ. "ನನ್ನ ಟವಲಿಗೆ ನಿಂತು ಮಾತಾಡಿದ್ರ್ಯಾ? ನಾ ಏನ್ ಸತ್ತೀನೇನು?" ಎಂದು ಕುಣಿದಾಡಿದರು. ನೋಟಿಸಿನಲ್ಲಿದ್ದದ್ದೂ ಅದೇ: ಮೇಲಧಿಕಾರಿಯ ಆಸನದ ಎದುರು ಸಿಬ್ಬಂದಿಯನ್ನು ಎತ್ತಿಕಟ್ಟಿ ಅವಹೇಳನ ಮಾಡಿಸಿದ್ದು. ಒಂದು ಜೀವ ಹೋದದ್ದಕ್ಕೆ ನೋಟಿಸಿಲ್ಲ, ಟವಲಿನ ಮರ್ಯಾದೆ ಹೋದದ್ದಕ್ಕೆ ನೋಟಿಸು! ಈಗ ನೆನೆದರೂ ನನಗೆ ಹಲ್ಲು ಕಡಿಯುವಂತಾಗುತ್ತದೆ.

ನನ್ನನ್ನು ಒಳಗೆ ಕರೆದರು. ನಡಾವಳಿ ಪುಸ್ತಕ ಮೇಜಿನ ಮೇಲಿತ್ತು. "ಫೋನ್ ಎತ್ತಿ ಸುಮ್ಕ ಕುಂತೆ ಅಂತ ನೀನ ಬರದೀ. ಇದು ಮ್ಯಾಲ ಹೋದ್ರ ಮೊದಲ ನೌಕರಿ ಹೋಗೂದು ಯಾರದು, ಹೇಳು? ಹೊಸಾ ಹಾಳಿ ತಗೋ."

ತೆಗೆದುಕೊಂಡೆ. ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದರು, ಬಡ್ತಿ ಹತ್ತಿರದಲ್ಲಿತ್ತು ಎಂದೆಲ್ಲ ಈಗ ಹೇಳಬಹುದು. ಗಿರಿಜಾಳ ಮನೆಯಲ್ಲಿ ಯಾರಿದ್ದರು ಎಂದು ನಾನು ಕೇಳಿದೆನೇ? ಸಾಹೇಬರು ಹೇಳಿದಂತೆ ಬರೆದೆ. ನನ್ನ ಅಕ್ಷರ ದುಂಡಗೆ, ಇಡೀ ತಾಲ್ಲೂಕಿನಲ್ಲಿ ಹೆಸರಾದದ್ದು. ಹಳೆಯ ಹಾಳೆಯನ್ನು ಚಹಾದ ಅಂಗಡಿಯ ಒಲೆಗೆ ಹಾಕಿದೆ. ಸತ್ತ ತಾಯಿಯ ಮನೆಯವರು ನ್ಯಾಯ ಕೇಳಿ ಅರ್ಜಿ ಕೊಟ್ಟಿದ್ದರು. ಅವರಿಗೆ ಉತ್ತರವಾಗಿ ಹೋದದ್ದು ಈ ಹೊಸ ಹಾಳೆಯ ಝೆರಾಕ್ಸು.

ವಿಚಾರಣೆಯಲ್ಲಿ ನಲವತ್ತು ಜನರ ಹೇಳಿಕೆ ಪಡೆದರು. ಕುರ್ಚಿಗೆ ಮಾತಾಡುವ ಹೊತ್ತಿನಲ್ಲಿ ಎಲ್ಲರೂ ಚಹಾ ಕುಡಿಯಲು ಹೊರಗೆ ಹೋಗಿದ್ದರಂತೆ. ನಮ್ಮ ಚಹಾದ ಅಂಗಡಿಗೆ ಇದ್ದದ್ದು ಎರಡು ಬೆಂಚು! ವಿಚಾರಣಾಧಿಕಾರಿ ನಗಲಿಲ್ಲ, ಬರೆದುಕೊಂಡರು. ಯಂಕಪ್ಪ ಒಬ್ಬನೇ ಖರೆ ಹೇಳಿದ. ಅವನನ್ನು ಕೆಟ್ಟು ನಿಂತ ಗಾಡಿಗೆ ಡ್ರೈವರ್ ಮಾಡಿ ಮೂಲೆಗೆ ತಳ್ಳಿದರು.

ಸರ್ ಹೇಳಿದ್ದು ಇಷ್ಟು: "ಖುರ್ಚಿ ಇಟ್ಟಾವ ನಾನರಿ. ದುರ್ಗಪ್ಪನ ಹೆಸರು ಬಿಡ್ರಿ, ಅಂವ ರೂಢಿ ಮ್ಯಾಲ ಟವಲ್ ಹಾಕ್ಯಾನ. ಆ ನರ್ಸ್ ಹೆಣ್ಮಗಳದು ಮಾತ್ರ ತಪ್ಪಿಲ್ಲ. ಅದನ್ನ ಬರಕೊಳ್ರಿ." ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಾನು ಎದುರಾದೆ. ಹಾಳೆ ಬದಲಾದದ್ದು ಅವರಿಗೆ ಗೊತ್ತಾಗಿತ್ತು. ಉಗಿಯುತ್ತಾರೆ ಎಂದು ತಲೆ ತಗ್ಗಿಸಿದೆ. "ನಿಮ್ಮ ಮಾರಿ ಭಾಳ ಸೊರಗೇತಿ. ಏನರೆ ತಿಂದೀರಿಲ್ಲೋ?" ಎಂದವರೇ ಕೈ ಹಿಡಿದು ಕರೆದುಕೊಂಡು ಹೋಗಿ ಮಂಡಕ್ಕಿ, ಮಿರ್ಚಿ ತಿನ್ನಿಸಿದರು. ಇದಕ್ಕೂ ನನಗೆ ಅವರ ಮೇಲೆ ಸಿಟ್ಟಿದೆ. ಬೈಯಬೇಕಿತ್ತು. ಕಪಾಳಕ್ಕೆ ಹೊಡೆದಿದ್ದರೆ ನಾನು ಆ ದಿನವೇ ಮನುಷ್ಯನಾಗುತ್ತಿದ್ದೆನೇನೋ.

ಗಿರಿಜಾಳನ್ನು ಕೆಲಸದಿಂದ ತೆಗೆದರು. ಸರ್ ಅಮಾನತ್ತು ಮುಗಿಸಿ, ದೂರ ದೂರ ತಿರುಗಿ, ಬೀಳ್ಕೊಡುಗೆಯೂ ಇಲ್ಲದೆ ನಿವೃತ್ತರಾದರು. ಸಾಹೇಬರ ಬೀಳ್ಕೊಡುಗೆಗೆ ಮಾತ್ರ ನಾವೇ ಹಣ ಹಾಕಿ ಕಿನ್ನಾಳದ ಗರುಡನ ಗೊಂಬೆ ಕೊಟ್ಟೆವು. ಅದಕ್ಕೆ ಕೆಂಪು ಕಾಗದ ಸುತ್ತಿದವನೂ ನಾನೇ.

ಶ್ರದ್ಧಾಂಜಲಿ ಸಭೆ ಮುಗಿದ ಮರುದಿನ ಕುಷ್ಟಗಿಗೆ ಹೋದೆ. ಗಿರಿಜಾ ಈಗ ಅಲ್ಲಿ ಜಂಪರು ಹೊಲಿಯುತ್ತಾಳೆ. ಮಿಷನ್ನಿನ ಮುಂದಿನಿಂದ ಏಳಲಿಲ್ಲ. ಸರ್ ಹೋದ ಸುದ್ದಿ ಹೇಳಿದೆ. ನಾನು ಮಾಡಿದ್ದನ್ನೂ ಹೇಳಿದೆ.

"ಸರ್ ಹೋದ್ರು ಅಂತ ಕೇಳೀನ್ರಿ. ನೀವು ಮಾಡಿದ್ದೂ ನಂಗ ಗೊತ್ತೈತಿ" ಎಂದಳು. "ನಂಗ ಹೇಳಿ ಏನ್ ಮಾಡ್ತೀರಿ? ನಂಗ ಹೇಳಿದ್ರ ನಿಮ್ಮ ಹೊಟ್ಟಿ ತಣ್ಣಗಾಗ್ತೈತಿ, ಅಷ್ಟ. ಸತ್ತಾಕಿ ಮನ್ಯಾಗ ಹೋಗಿ ಹೇಳ್ರಿ. ಅವರು ಇವತ್ತಿಗೂ ನಾ ಕೊಂದ್ನಿ ಅಂತಾರ. ಬಜಾರದಾಗ ಕಂಡ್ರ ಮಣ್ಣು ತೂರತಾರ."

ಆ ಹಳ್ಳಿಗೆ ಬಸ್ಸು ಮುಟ್ಟಿದಾಗ ಮಧ್ಯಾಹ್ನ. ಸತ್ತವಳ ಅತ್ತೆ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ನನ್ನ ಪರಿಚಯ ಹೇಳಿ, "ಯವ್ವಾ, ಅವತ್ತು ಆ ನರ್ಸ್ ಫೋನ್ ಮಾಡಿದ್ರು. ಜೀಪ್ ಇರ್ಲಿಲ್ಲ. ಅವರದು ತಪ್ಪಿಲ್ಲ" ಎಂದೆ.

ಮುದುಕಿ ಮೊರ ಕೆಳಗಿಟ್ಟರು. "ಇದನ್ನ ಇನ್ನೊಬ್ರು ಹೇಳಿದ್ರಪಾ. ಗಿಡ್ಡ ಸರ್ ಒಬ್ರು, ಮೂರು ಸಲ ಬಂದಿದ್ರು. ಇಲ್ಲೆ ಕುಂತು ಇದನ್ನ ಹೇಳಿದ್ರು. ನಿಮ್ಮ ಮಾತು ನಂಬೂಣೋ ಸರಕಾರದ ಶಿಕ್ಕಾ ನಂಬೂಣೋ ಅಂತ ನನ್ನ ಮಗ ಕಾಗದ ತಗದು ಅವರ ಮಾರಿಗೆ ಹಿಡದ. ಮೂರನೇ ಸಲಕ್ಕ ಅವರ ಚಪ್ಪಲಿ ತಗದು ಬೀದಿಗೆ ಒಗದ. ಪಾಪ, ಬರಿಗಾಲಿಲೆ ಹೋಗಿ ಆರಿಸಿಕೊಂಡ್ರು."

ಅವರು ಇದನ್ನು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ.

ಮುದುಕಿ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಿಂದ ಆ ಝೆರಾಕ್ಸು ತಂದರು. "ನಂಗ ಓದಾಕ ಬರಂಗಿಲ್ಲ. ಓದು ನೋಡೋಣು."

ಓದಿದೆ. "ಸದರಿ ದಿನ ವಾಹನವು ಕಚೇರಿಯ ಆವರಣದಲ್ಲಿಯೇ ಲಭ್ಯವಿದ್ದು, ಶುಶ್ರೂಷಕಿಯಿಂದ ಯಾವುದೇ ಕರೆ ಬಂದಿರುವುದಿಲ್ಲ."

"ಫೋನ್ ಬಂದಿತ್ತು ಅಂತಿ. ಹಂಗಾರ ಅದನ್ನ ಎತ್ತಿದಾವ್ರು ಯಾರು?"

"ನಾನ, ಯವ್ವಾ."

"ಮತ್ತ ಈ ಕಾಗದ ಬರದಾವ್ರು?"

"ಅದೂ ನಾನ."

ಮುದುಕಿ ಬಾಗಿಲ ಕಡೆ ತಿರುಗಿ ಕೂಗಿದರು.

"ಏ ಕೂಸ, ಓದೂದು ಬಿಟ್ಟು ಹೊರಗ ಬಾ. ನಿಮ್ಮವ್ವಗ ಜೀಪ್ ಯಾಕ ಬರ್ಲಿಲ್ಲ ಅಂತ ಹೇಳಾಕ ಬಂದಾರ."